ಅನುಮತಿ ಬರುವವರೆಗೂ ಕೇಳಿಸಿಕೊಳ್ಳುವುದಷ್ಟೇ

"ಕೈ ತೆಗೀರಿ ಅಲ್ಲಿಂದ."

ಬಾಗಿಲಲ್ಲೇ ನಿಂತು ಪ್ರಮೋದಾ ಹೇಳಿದ ಮಾತಿಗೆ ಕಂಟ್ರೋಲ್ ರೂಮಿನಲ್ಲಿದ್ದವರೆಲ್ಲ ತಿರುಗಿದರು. ಮೇಜಿನ ಮುಂದಿದ್ದ ಹೊಸಬ ಮಾತ್ರ ಮೊದಲು ಸ್ವಿಚ್ಚಿನಿಂದ ಕೈ ತೆಗೆದು, ತೊಡೆಯ ಮೇಲಿಟ್ಟುಕೊಂಡು, ಆಮೇಲೆ ನಿಧಾನವಾಗಿ ಕತ್ತೆತ್ತಿದ.

ಎಷ್ಟು ತಣ್ಣಗಿನ ಕಣ್ಣುಗಳು... ಬೈಯಲು ಬಂದವಳಿಗೆ ಅರ್ಧ ಮಾತು ಮರೆತೇಹೋಯಿತು.

"ಟೆಸ್ಟ್ ಸಿಗ್ನಲ್ ಅಷ್ಟೇ ಮೇಡಂ."

"ಟೆಸ್ಟೇ ಆಗ್ಲಿ. ಅನುಮತಿ ಇನ್ನೂ ಬಂದಿಲ್ಲ. ಬರೋವರೆಗೂ ಉಪಗ್ರಹದಿಂದ ಬರೋದನ್ನ ಕೇಳಿಸ್ಕೋಬಹುದು, ಇಲ್ಲಿಂದ ಏನೂ ಕಳಿಸೋ ಹಾಗಿಲ್ಲ. ಪಕ್ಕದ ಉಪಗ್ರಹದೋರಿಗೆ ತೊಂದ್ರೆ ಆದ್ರೆ ನಮ್ಮ ಅರ್ಜಿ ಕತೆ ಮುಗೀತು."

"ಅನುಮತಿ ಬರೋವರೆಗೂ ಕೇಳಿಸ್ಕೊಳ್ಳೋದಷ್ಟೇ. ಇಲ್ಲಿಂದ ಏನೂ ಕಳಿಸೋ ಹಾಗಿಲ್ಲ."

ಅವಳ ಮಾತನ್ನೇ ಅವಳಿಗೆ ಒಪ್ಪಿಸಿ, ಅವನು ಅವಳ ಮುಖ ನೋಡುತ್ತ ಕೂತ.

ಅಣಕಿಸ್ತಿದಾನಾ ಇವನು?

"ಹೂಂ, ಸರಿ," ಎಂದು ಹೊರಬಂದವಳ ಕಿವಿ ಬಿಸಿಯಾಗಿತ್ತು. ನಾನು ಜಾಸ್ತಿ ಜೋರು ಮಾಡಿಬಿಟ್ಟೆನಾ? ಹೊಸದಾಗಿ ಬಂದವರ ಮೇಲೆ ಮೊದಲ ದಿನವೇ ರೇಗಬಾರದಿತ್ತೇನೋ... ಸಂಜೆವರೆಗೂ ಅದೇ ಯೋಚನೆ.

ದೊಡ್ಡಬೆಳವಂಗಲದ ಆಚೆ, ರಾಗಿ ಹೊಲಗಳ ನಡುವೆ ದೊಡ್ಡ ಬಿಳಿ ಡಿಶ್‌ಗಳನ್ನು ನಿಲ್ಲಿಸಿಕೊಂಡಿರುವ ಖಾಸಗಿ ಉಪಗ್ರಹ ಕಂಪನಿಯೊಂದರ ಕೇಂದ್ರ ಅದು. ದೂರದೂರದ ಹಳ್ಳಿಗಳ ಆರೋಗ್ಯ ಕೇಂದ್ರಗಳು ಇದರ ಮೂಲಕವೇ ದೊಡ್ಡಾಸ್ಪತ್ರೆಯ ಡಾಕ್ಟರ ಜೊತೆ ಮಾತಾಡುತ್ತಿದ್ದವು. ಆ ಮಾತನ್ನು ಹೊತ್ತೊಯ್ಯುತ್ತಿದ್ದ ಉಪಗ್ರಹಕ್ಕೆ ವಯಸ್ಸಾಗಿ ಇಂಧನ ಮುಗಿಯುತ್ತ ಬಂದಿತ್ತು. ಅದರ ಜಾಗಕ್ಕೆ ಬಾಡಿಗೆಯ ಇನ್ನೊಂದು ಉಪಗ್ರಹವನ್ನು ಮೆಲ್ಲಗೆ ತಳ್ಳಿಕೊಂಡು ತರುತ್ತಿದ್ದರು. ಪೂರ್ತಿ ಲೈಸೆನ್ಸ್ ಸಿಗಲು ತುಂಬ ಕಾಲ ಬೇಕು. ಅಲ್ಲಿಯವರೆಗೆ ಕೆಲವು ತಿಂಗಳು ನಡೆಸಲು ತಾತ್ಕಾಲಿಕ ಅನುಮತಿ ಬೇಕಿತ್ತು. ಆ ಅರ್ಜಿಯ ಕೆಲಸ ಪ್ರಮೋದಾಳದು.

ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ಮೇಲೆ ಬಂದವಳು. ಬೆಂಗಳೂರಿನ ಆಫೀಸಿನಿಂದ ಈ ಅರ್ಜಿಗೋಸ್ಕರವೇ ಅವಳನ್ನು ಇಲ್ಲಿಗೆ ಕಳಿಸಿದ್ದರು. ಕಂಟ್ರೋಲ್ ರೂಮಿನ ರೀತಿ-ನೀತಿ ಅವಳಿಗೆ ಹೊಸದು. ಬರೆದದ್ದನ್ನು ಮತ್ತೆ ಮತ್ತೆ ಓದಿದರೂ ಎಲ್ಲೋ ತಪ್ಪಿದೆ ಅಂತಲೇ ಅನ್ನಿಸುತ್ತಿತ್ತು.

ಅನುಮತಿ ಕೊಡುವ ಕಚೇರಿಯವರು ಪ್ರಶ್ನೆ ಕೇಳಿದಾಗೆಲ್ಲ ಉತ್ತರಕ್ಕೆ ಲೆಕ್ಕ ಕೊಡಬೇಕಾದವನು ಆ ಹೊಸಬನೇ. ಹೆಸರು ಭೀಮರಾಜ್, ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯವನು.

"ಭೀಮ ಅಂತ ಹೆಸರಿಟ್ಕೊಂಡು ಇಷ್ಟು ಮೆಲ್ಲಗೆ ಮಾತಾಡ್ತೀರಲ್ಲ," ಎಂದಳು ಒಂದು ದಿನ.

"ಹುಟ್ಟಿದಾಗ ದಪ್ಪ ಇದ್ನಂತೆ ಮೇಡಂ. ಆಮೇಲೆ ಮನೆಯೋರಿಗೆ ಮೋಸ ಆಯ್ತು."

ಅವಳು ನಕ್ಕ ನಗೆಗೆ ಅಂಗಳದ ಹುಣಸೆ ಮರದ ಮೇಲಿನ ಗಿಳಿಗಳು ಹಾರಿಹೋದವು.

ಆಮೇಲೆ ಊಟ ದಿನವೂ ಆ ಮರದ ಕೆಳಗೇ. ಅವಳ ಡಬ್ಬಿಯ ಅವರೆಕಾಳು ಸಾರು ಅವನಿಗೆ, ಅವನ ಡಬ್ಬಿಯ ಹುರುಳಿಕಾಳು ಪಲ್ಯ ಅವಳಿಗೆ. ಸಂಜೆ ಬಸ್ಸು ತಪ್ಪಿದರೆ ದೊಡ್ಡಬಳ್ಳಾಪುರದವರೆಗೂ ಅವನ ಬೈಕು. ಬಸ್ಸು ಯಾಕೋ ತುಂಬ ಸಲ ತಪ್ಪುತ್ತಿತ್ತು. ಆದರೆ ಇಬ್ಬರ ಬಾಯಿಂದಲೂ ಆ ಒಂದು ಮಾತು ಮಾತ್ರ ಹೊರಡಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಅಪ್ಪ ವೆಂಕಟರಾಮಪ್ಪ ದೇವನಹಳ್ಳಿ ಕಡೆಯ ಸಂಬಂಧವೊಂದನ್ನು ತಂದರು. ಹುಡುಗ ಏರ್‌ಪೋರ್ಟಿನಲ್ಲಿ ಕೆಲಸ. ಭಾನುವಾರ ಹೆಣ್ಣು ನೋಡಲು ಬರುತ್ತಾರೆ.

ರಾತ್ರಿಯೆಲ್ಲ ನಿದ್ದೆಯಿಲ್ಲ. ಹೇಳ್ತೀನಿ. ಹೇಳಿದರೆ ಅವನು 'ಬೇಡ' ಅಂತಾನೆ. ಅಂದೇ ಅಂತಾನೆ...

ಮರುದಿನ ಮರದ ಕೆಳಗೆ ಡಬ್ಬಿ ತೆರೆದು, ಅವನ ಕಡೆ ನೋಡದೆ ಹೇಳಿದಳು.

"ಭಾನುವಾರ ನನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ."

ತುತ್ತು ಹಿಡಿದ ಕೈ ನಿಂತಿತು. ಭೀಮರಾಜ್ ಬಾಯಿಬಿಟ್ಟ.

"ಭಾನುವಾರ ನಿಮ್ಮನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ."

ಅಷ್ಟೇ. ಅದೇ ತಣ್ಣಗಿನ ದನಿ. ಅವಳ ಮುಖವನ್ನೇ ನೋಡುತ್ತ ಕೂತ.

ಇಷ್ಟೇನಾ...? ಇವನಿಗೆ ಏನೂ ಅನ್ನಿಸಲೇ ಇಲ್ವಾ? ನಾನೊಬ್ಬಳೇ ಏನೇನೋ ಕಟ್ಟಿಕೊಂಡಿದ್ದೆನಾ?

ಪ್ರಮೋದಾ ಡಬ್ಬಿ ಮುಚ್ಚಿ ಎದ್ದು ಹೋದಳು. ಅಂದಿನಿಂದ ಅವಳಿಗೆ ಒಂದು ಬಸ್ಸೂ ತಪ್ಪಲಿಲ್ಲ.

ಶುಕ್ರವಾರ ಮಧ್ಯಾಹ್ನ ಅನುಮತಿ ಬಂತು. ಪರದೆಯ ಮೇಲೆ ಅದನ್ನು ನೋಡಿ ಕಣ್ಣು ತುಂಬಿತು. ಎದ್ದು ಓಡಿಹೋಗಿ ಹೇಳಬೇಕಾದವನು ಒಬ್ಬನೇ, ಅವನ ಮುಂದೆ ನಗು ಬಾರದು... ಎಂಥ ಶಿಕ್ಷೆ.

ಆದರೂ ಹೋಗಲೇಬೇಕಿತ್ತು. ಅನುಮತಿಯ ಷರತ್ತುಗಳನ್ನು ಓದಿ ಹೇಳದೆ ಸಿಗ್ನಲ್ ಕಳಿಸುವಂತಿರಲಿಲ್ಲ. ಅವನ ಬೆನ್ನ ಹಿಂದೆ ನಿಂತು ಓದಿದಳು.

"ಹೇಳಿದ ಜಾಗದಿಂದ, ಹೇಳಿದಷ್ಟೇ ಶಕ್ತೀಲಿ ಕಳಿಸಬೇಕು. ಪಕ್ಕದವರು ದೂರು ಕೊಟ್ಟ ತಕ್ಷಣ ನಿಲ್ಲಿಸ್ಬೇಕು."

ಭೀಮರಾಜ್ ಅದನ್ನೇ ತಿರುಗಿ ಹೇಳಿದ. ಹೇಳಿ, ಸುಮ್ಮನೆ ಕೂತ. ಅವಳೂ ಸುಮ್ಮನೆ ನಿಂತಳು.

ಪಕ್ಕದ ಮೇಜಿನ ಮೋನಿಷಾ ತಡೆಯಲಾರದೆ ಅಂದಳು.

"ಸರಿ ಅನ್ನಿ ಮೇಡಂ, ಕಾಯ್ತಿದಾರೆ."

"ನಾನ್ಯಾಕೆ? ಅವರೇ ಒಪ್ಕೊಂಡ್ರಲ್ಲ."

"ಒಪ್ಕೊಳ್ಳೋದಲ್ಲ ಅದು. ನನಗೆ ಕೇಳಿಸಿದ್ದು ಹಿಂಗೆ, ಸರೀನಾ ಅಂತ ಕೇಳೋದು. ಇಲ್ಲಿ ಎಲ್ರೂ ಹಂಗೇ. ತಪ್ಪಿದ್ರೆ ನೀವು ತಿದ್ಬೇಕು, ಇಲ್ಲಾಂದ್ರೆ ಸರಿ ಅನ್ಬೇಕು. ಅಲ್ಲೀವರೆಗೂ ಈ ಯಪ್ಪ ಬೆಟ್ಟ ಬಿದ್ರೂ ಏಳಲ್ಲ."

ಪ್ರಮೋದಾಳಿಗೆ ಆ ದಿನದ ಊಟ ನೆನಪಾಯಿತು. ಹುಣಸೆ ಮರ... ನಿಂತ ತುತ್ತು... ತನ್ನ ಮುಖವನ್ನೇ ನೋಡುತ್ತಿದ್ದ ಆ ಕಣ್ಣು.

ಅಯ್ಯೋ, ಅವನು ಕೇಳಿದ್ದ. ನಾನು ಉತ್ತರ ಕೊಡದೆ ಎದ್ದು ಬಂದೆ.

"ಸರಿ," ಎಂದಳು.

ಭೀಮರಾಜ್ ಸ್ವಿಚ್ ಒತ್ತಿದ. ಪರದೆಯ ಚಪ್ಪಟೆ ಗೆರೆಯ ನಡುವೆ ಅವರ ಸಿಗ್ನಲ್ಲಿನ ಪುಟ್ಟ ಗುಡ್ಡವೊಂದು ಎದ್ದು ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಎಲ್ಲೋ ಗಡಿಯ ಹಳ್ಳಿಯ ನರ್ಸಮ್ಮನ ಮುಖ ಮೂಡಿ, "ಕಾಣಿಸ್ತಿದೀನಾ? ಇಲ್ಲಿ ಜನ ಕಾಯ್ತವ್ರೆ, ಬೇಗ ಡಾಕ್ಟ್ರನ್ನ ಕರೀರಿ," ಎಂದು ಗದರಿತು. ಕೋಣೆಯೆಲ್ಲ ಚಪ್ಪಾಳೆ. ಮೋನಿಷಾ ಎಲ್ಲರ ಬಾಯಿಗೂ ಮೈಸೂರ್ ಪಾಕ್ ತುರುಕುತ್ತ ಓಡಾಡಿದಳು.

ಪಾಳಿ ಮುಗಿಸಿ ಭೀಮರಾಜ್ ಹೊರಗೆ ಬಂದಾಗ ಪ್ರಮೋದಾ ಡಿಶ್‌ನ ನೆರಳಿನಲ್ಲಿ ನಿಂತಿದ್ದಳು.

"ಅವತ್ತು ಊಟದಲ್ಲಿ ನೀವು ನನ್ನ ಮಾತನ್ನೇ ತಿರುಗಿ ಹೇಳಿದ್ರಲ್ಲ... ಅದು ಪ್ರಶ್ನೇನಾ?"

"ಹೂಂ ಮೇಡಂ. ಇಲ್ಲ, ತಮಾಷೆಗೆ ಅಂದೆ ಅಂತೀರೇನೋ ಅಂತ ಕಾದೆ. ನೀವು ಡಬ್ಬಿ ಮುಚ್ಚಿದ್ರಿ."

"ಅಂಥ ವಿಷಯಕ್ಕೂ ಹಂಗೆ ಕೇಳ್ತಾರೇನ್ರೀ?"

"ಗಾಬರಿ ಆದ್ರೆ ನನ್ನ ಬಾಯಿಗೆ ಬೇರೇನೂ ಬರಲ್ಲ." ಅವನು ಬೂಟಿನ ತುದಿ ನೋಡಿಕೊಂಡ. "ಆಮೇಲೆ ನೀವು ಮಾತೇ ಬಿಟ್ರಿ. ನಿಮಗೇ ಆ ಸಂಬಂಧ ಇಷ್ಟ ಅನ್ಕೊಂಡೆ. ನಡುವೆ ಹೋಗಿ ತೊಂದ್ರೆ ಕೊಡಬಾರದು ಅಂತ ಸುಮ್ನಾದೆ. ಮೂರು ಹೊತ್ತೂ ಊಟ ಸೇರ್ತಿಲ್ಲ, ಆ ಮಾತು ಬೇರೆ."

ತನಗಿಂತ ಹೆಚ್ಚು ಹೆದರುವವರೂ ಇದ್ದಾರೆ! ಆ ಒಂದು ಸಂಗತಿಯಿಂದಲೇ ಪ್ರಮೋದಾಳಿಗೆ ಎಲ್ಲಿಲ್ಲದ ಧೈರ್ಯ ಬಂತು.

"ನನಗೆ ನೀವು ಇಷ್ಟ ಭೀಮರಾಜ್. ಇದನ್ನ ತಿರುಗಿ ಹೇಳಬೇಡಿ. ಉತ್ತರ ಹೇಳಿ."

ಅವನು ಬೂಟಿನಿಂದ ಕಣ್ಣೆತ್ತಿದ.

"ನನಗೂ... ಕೈ ತೆಗೀರಿ ಅಂದ್ರಲ್ಲ, ಆವಾಗಿಂದ."

ಅವನೆದುರಿಗೇ ಅವಳು ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ, ಭಾನುವಾರ ಅವರು ಬರೋದು ಬೇಡ. ನನಗೆ ಒಬ್ಬರು ಇಷ್ಟ ಆಗಿದಾರೆ."

ಆ ಕಡೆಯಿಂದ ವೆಂಕಟರಾಮಪ್ಪನವರ ದನಿ. "ಏನವ್ವಾ ಇದು, ಜನಕ್ಕೆ ಬನ್ನಿ ಅಂತ ಹೇಳ್ಬಿಟ್ಟು... ಯಾರವನು? ಏನು ಕೆಲಸ?"

"ಭೀಮರಾಜ್ ಅಂತ, ನಮ್ಮ ಆಫೀಸೋರೇ. ಉಪಗ್ರಹಕ್ಕೆ ಸಿಗ್ನಲ್ ಕಳಿಸ್ತಾರೆ."

"ಅದಕ್ಕೂ ಸಂಬಳ ಕೊಡ್ತಾರಾ?"

ಹಿಂದಿನಿಂದ ಅಮ್ಮ ಅನುಸೂಯಮ್ಮನ ದನಿ ಕೇಳಿಸಿತು. "ಮುದ್ದೆ ತಿಂತಾನಾ ಕೇಳ್ರೀ."

"ನೀನು ಸುಮ್ನಿರೇ." ಅಪ್ಪ ಉಸಿರೆಳೆದುಕೊಂಡರು. "ಆಯ್ತು, ಅವರಿಗೆ ನಾನೇ ಹೇಳ್ತೀನಿ. ಭಾನುವಾರ ಇವನು ಬಂದು ಕಾಫಿ ಕುಡ್ಕೊಂಡು ಹೋಗ್ಲಿ. ಒಪ್ಪಿದೀನಿ ಅಂತಲ್ಲ ಮತ್ತೆ. ಹುಡುಗನ್ನ ನೋಡ್ಬೇಕು, ಮಾತಾಡ್ಬೇಕು. ಈಗಿನ ಮಟ್ಟಿಗೆ ಅಷ್ಟೇ."

ಫೋನ್ ಇಟ್ಟವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

"ಏನಂದ್ರು?"

"ಕಾಫಿಗೆ ಬರಬೇಕಂತೆ. ಈಗಿನ ಮಟ್ಟಿಗೆ ಅಷ್ಟೇ ಅಂತೆ."

"ಸಾಕು ಮೇಡಂ. ಶುರು ಮಾಡೋಕೆ ಅಷ್ಟು ಸಾಕು."

"ಮನೇಲಿ ಬಂದು ಮೇಡಂ ಅಂದ್ರೆ ಅಪ್ಪ ಬಿದ್ದು ಬಿದ್ದು ನಗ್ತಾರೆ."

"ಮತ್ತೆ ಏನಂತ ಕರೀಲಿ?"

"ಹೆಸರಿಲ್ವಾ ನನಗೆ?"

ಅವನು ಅತ್ತಿತ್ತ ನೋಡಿದ. ಹೊಲದ ಬದುವಿನಲ್ಲಿ ಮೇಯುತ್ತಿದ್ದ ಒಂದು ಹಸು ಬಿಟ್ಟರೆ ಯಾರೂ ಇರಲಿಲ್ಲ.

"ಪ್ರಮೋದಾ..."

"ಕೇಳಿಸ್ಲಿಲ್ಲ."

"ಸುಳ್ಳು."

"ಹೌದು," ಎಂದಳು ಅವಳು, ಅವನ ಬೈಕಿನ ಹಿಂದಿನ ಸೀಟು ಒರೆಸುತ್ತ. "ಇನ್ನೊಂದ್ಸಲ ಕರೀರಿ."