ಸೊನ್ನೆಗೆ ಬಿದ್ದ ಮುಳ್ಳು

ಬೆಳಗಿನ ಎಂಟು ಗಂಟೆಗೆ ಸಾವಿನ ಸುದ್ದಿ ಬಂತು. ಸತ್ತದ್ದು ಒಂದು ಇಂಜಿನ್.

ಡ್ರೈವಿಂಗ್ ಕಲಿಸುವ ಟೀಚರಕ್ಕನ ಕಾರಿನಲ್ಲಿ ಆಯಿಲ್ ಒತ್ತಡ ತೋರಿಸುವ ಮುಳ್ಳು ಹಿಂದಿನ ಸಂಜೆ ನೋಡುವಾಗ ಸೊನ್ನೆಗೆ ಬಿದ್ದು ಅಲ್ಲೇ ಮಲಗಿಬಿಟ್ಟಿತ್ತು. ಗ್ಯಾರೇಜಿನವನು ಬಂದು ಮುಳ್ಳನ್ನು ನೋಡಿ, ನಾಲಿಗೆ ಲೊಚಗುಟ್ಟಿ, ಆಯಿಲ್ ಪಂಪು ಹೋಗಿದೆ, ಒಳಗೆಲ್ಲ ಸವೆದಿದೆ, ಇನ್ನು ಗುಜರಿಗೇ ಸೈ ಎಂದು ತೀರ್ಪು ಕೊಟ್ಟ. ಗುಜರಿಯವನು ಹನ್ನೆರಡಕ್ಕೆ ಹಗ್ಗ ಹಿಡಿದು ಬರುವವನಿದ್ದ. ಇರುವುದೊಂದೇ ಕಾರು. ಅದು ಹೋದರೆ ಟೀಚರಕ್ಕನ ಶಾಲೆಯೂ ಹೋದ ಹಾಗೆ. ಬರೀ ಬೋರ್ಡು ಇಟ್ಟುಕೊಂಡು ಯಾರಿಗೆ ಗೇರು ಹಾಕಿಸುವುದು?

ಅವಳು ಮೀಟರ್ ಚಿಕ್ಕಮ್ಮನಿಗೆ ಫೋನ್ ಮಾಡಿದಳು.

ಮೀಟರ್ ಚಿಕ್ಕಮ್ಮ ವಾಹನಗಳ ವಯರಿಂಗ್ ರಿಪೇರಿಯಲ್ಲಿ ಮೂವತ್ತು ವರ್ಷ ಸವೆಸಿದವಳು. ಪಕ್ಕದ ಬೀದಿಯಲ್ಲಿ ನಟ್ಟೊಂದು ಸಡಿಲವಾದರೆ ಇಲ್ಲಿ ಊಟದ ತಟ್ಟೆಯಿಂದ ತಲೆಯೆತ್ತುವಂಥ ಕಿವಿ ಅವಳದು. ಅವಳು ಬಾನೆಟ್ಟಿಗೆ ಕೈ ಹಾಕಿದರೆ ಅರ್ಧ ಕಾಯಿಲೆಗಳು ತಾವಾಗಿಯೇ ತಪ್ಪೊಪ್ಪಿಕೊಳ್ಳುತ್ತಿದ್ದವು. ಇದು ಅವಳೇ ಹೇಳುವ ಮಾತು. ಎದುರಾಡಿದವರನ್ನು ಯಾರೂ ಕಂಡಿಲ್ಲ.

ಬಂದವಳೇ ಮೂವರು ಶಂಕಿತರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದಳು. ಒಬ್ಬಳು ಕಾರನ್ನು ಕೊನೆಗೆ ಓಡಿಸಿದ ಶಿಷ್ಯೆ, ಕನ್ನಡಕದ ಟೈಲರಮ್ಮ. ರಸ್ತೆಯ ಉಬ್ಬಿನ ಮೇಲೆ ಕಾರಿನ ಹೊಟ್ಟೆ ಉಜ್ಜಿದ ಅಪರಾಧಕ್ಕೆ ರಾತ್ರಿಯೆಲ್ಲ ಅತ್ತು ಬಂದಿದ್ದಳು. ಇನ್ನೊಬ್ಬ, ಹಿಂದಿನ ವಾರ ಆಯಿಲ್ ಬದಲಿಸಿದ ಅದೇ ಗ್ಯಾರೇಜಿನವನು. ಮೂರನೆಯವನು ಟೀಚರಕ್ಕನ ತಮ್ಮ, ಊರಿಗೆಲ್ಲ ನಲ್ಲಿ ಕೂರಿಸುವ ಪ್ಲಂಬರ್. ಮನೆಯಲ್ಲಿದ್ದನೆಂದು ಅವನೂ ಸಾಲಿಗೆ ಸೇರಿದ್ದ, ಅವನ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಆದರೂ ಅವನ ಕೈಯಲ್ಲಿದ್ದ ಕಾಫಿ ಆರಿ ಕೆನೆಗಟ್ಟಿತ್ತು.

"ಉಬ್ಬಿಗೆ ಮುಂಚೆ ಮುಳ್ಳು ಎಲ್ಲಿತ್ತು?"

"ನೋಡ್ಲಿಲ್ಲ ಚಿಕ್ಕಮ್ಮ," ಎಂದಳು ಟೀಚರಕ್ಕ. "ಇವಳು ಓಡಿಸ್ತಿರುವಾಗ ರಸ್ತೆ ಬಿಟ್ಟು ಬೇರೆ ಕಡೆ ನೋಡೋಕಾಗುತ್ತಾ? ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ."

"ಆಮೇಲೆ ಎಷ್ಟು ದೂರ ಬಂದ್ರಿ?"

"ಮನೆವರೆಗೂ. ಮೂರು ಕಿಲೋಮೀಟರ್."

"ಇಂಜಿನ್ ಕಟಕಟ ಅಂತಿತ್ತಾ?"

"ಇಲ್ಲ."

ಚಿಕ್ಕಮ್ಮ ಆಯಿಲ್ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿದಳು. ಆಯಿಲ್ ಮೇಲಿನ ಗುರುತಿನವರೆಗೂ ಇತ್ತು, ಬಣ್ಣ ಜೇನಿನಂತಿತ್ತು. ಹೊಟ್ಟೆ ಉಜ್ಜಿದ ಕಡೆ ಗೀರು ಬಿಟ್ಟರೆ ಒಂದು ಹನಿಯೂ ಇಳಿದಿರಲಿಲ್ಲ. ಅರೆನಿಮಿಷ ಇಂಜಿನ್ ಚಾಲೂ ಮಾಡಿ ಕಿವಿಗೊಟ್ಟಳು. ಹಾಲು ಕುಡಿದು ಮಲಗಿದ ಬೆಕ್ಕು ಕೂಡ ಅಷ್ಟು ಮೆತ್ತಗೆ ಗುರುಗುಟ್ಟಲಾರದು.

ಒಳಗಿನ ಏಟು ಹೊರಗೆ ಕೇಳಿಸುವುದಿಲ್ಲ ಎಂದು ಗ್ಯಾರೇಜಿನವನು ಗೊಣಗಿದ. ಕೇಳಿಸದಿದ್ದರೆ ಅಳೆದು ನೋಡೋಣ ಎಂದಳು ಚಿಕ್ಕಮ್ಮ.

ಇಂಜಿನ್ ತಣಿದ ಮೇಲೆ ಅದರ ಪಕ್ಕೆಯಲ್ಲಿದ್ದ ಹೆಬ್ಬೆರಳು ಗಾತ್ರದ ಸೆನ್ಸರ್ ಬಿಚ್ಚಿದಳು. ಒತ್ತಡವನ್ನು ಗ್ರಹಿಸಿ ಮುಳ್ಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಜಿಡ್ಡುಗಟ್ಟಿದ ಇಂಜಿನ್ನಿನ ಮೇಲೆ ಅದೊಂದೇ ಮದುಮಗನ ಹಾಗೆ ಹೊಳೆಯುತ್ತಿತ್ತು. ಕುತ್ತಿಗೆಯ ಸುತ್ತ ಮಾತ್ರ ಹಲ್ಲು ಕಚ್ಚಿದ ಗುರುತು. ಅದನ್ನು ಜೇಬಿಗಿಳಿಸಿ, ಆ ತೂತಿಗೆ ಒತ್ತಡ ಅಳೆಯುವ ತನ್ನ ಗೇಜು ತಿರುಗಿಸಿದಳು. ಇಂಜಿನ್ ಮತ್ತೆ ಚಾಲೂ ಆಯಿತು. ಗೇಜಿನ ಮುಳ್ಳು ಎದ್ದು, ಒತ್ತಡ ಎಷ್ಟಿರಬೇಕೋ ಅಷ್ಟಕ್ಕೆ ಹೋಗಿ ನಿಂತಿತು.

"ಇದಕ್ಕೆ ಗುಜರಿ ಅಂದ್ಯಲ್ಲ, ಗೇಜು ಹಾಕಿ ನೋಡಿದ್ಯಾ?"

ಗ್ಯಾರೇಜಿನವನಿಗೆ ತನ್ನ ಚಪ್ಪಲಿಯಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತು.

"ಇಂಜಿನ್ ಕಲ್ಲುಗುಂಡು ಇದ್ದಂಗಿದೆ. ಸುಳ್ಳು ಸಾಕ್ಷಿ ಹೇಳಿದ್ದು ಇದು." ಚಿಕ್ಕಮ್ಮ ಸೆನ್ಸರನ್ನು ಬೆಳಕಿಗೆ ಹಿಡಿದಳು. ಅದರ ಮರೆಯ ಮೇಲೆ, ಎಂದರೆ ತಿರುಪಿನ ಗೀರುಗಳ ಮೇಲೆ, ನಲ್ಲಿ ಸೋರದಂತೆ ಸುತ್ತುವ ಬಿಳಿ ಟೇಪಿನ ಹತ್ತಾರು ಸುತ್ತು. "ಎಲ್ರೂ ಮುಳ್ಳು ನೋಡಿದ್ರಿ, ಮರೆ ಯಾರೂ ನೋಡ್ಲಿಲ್ಲ. ಇದಕ್ಕೆ ಬರೋದು ಒಂದೇ ವಯರು. ಕರೆಂಟು ವಾಪಸ್ ಹೋಗ್ಬೇಕಾದ್ರೆ ಈ ಮರೆಯ ಲೋಹ ಇಂಜಿನ್ನಿಗೆ ತಾಗ್ಬೇಕು. ಟೇಪು ತಾಗೋಕೆ ಬಿಟ್ಟಿಲ್ಲ. ದಾರಿ ಕಡಿದ್ರೆ ಈ ಕಾರಿನ ಮುಳ್ಳು ಸೊನ್ನೆಗೆ ಬೀಳುತ್ತೆ. ಟೈಲರಮ್ಮ ಗಾಡಿ ಹತ್ತೋಕೆ ಮುಂಚೇನೇ ಬಿದ್ದಿತ್ತು."

ಟೈಲರಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು.

"ಗ್ಯಾರೇಜಿನವರು ಇದನ್ನ ಸಾಕೆಟ್ ಪಾನಾದಲ್ಲಿ ತಿರುಗಿಸ್ತಾರೆ. ಇಲ್ಲಿರೋದು ಪೈಪ್ ಪಾನಾದ ಹಲ್ಲು. ಕಂಡ ಮರೆಗೆಲ್ಲ ಟೇಪು ಸುತ್ತೋ ಕೈ, ಪೈಪ್ ಪಾನಾ ಹಿಡಿಯೋ ಕೈ, ಈ ಅಂಗಳದಲ್ಲಿ ಎರಡೂ ಒಬ್ಬಂದೇ." ಚಿಕ್ಕಮ್ಮ ಪ್ಲಂಬರನ ಮುಂದೆ ನಿಂತಳು. "ಯಾವಾಗ ಹಾಕ್ದೆ ತಮ್ಮಾ?"

ಅವನು ಲೋಟ ಕೆಳಗಿಟ್ಟ. ಹಿಂದಿನ ದಿನ ಮಧ್ಯಾಹ್ನ ಹಳೆಯ ಸೆನ್ಸರ್ ಬುಡದಲ್ಲಿ ಆಯಿಲ್ ಜಿನುಗುತ್ತಿತ್ತಂತೆ. ಅಕ್ಕನಿಗೆ ಖರ್ಚು ಉಳಿಯಲೆಂದು ತಾನೇ ಹೊಸದು ತಂದು ಕೂರಿಸಿದನಂತೆ.

"ಒಂದು ಹನಿ ಸೋರ್ಲಿಲ್ಲ ಚಿಕ್ಕಮ್ಮ," ಎಂದ, ಆ ಸ್ಥಿತಿಯಲ್ಲೂ ಸ್ವಲ್ಪ ಹೆಮ್ಮೆಯಿಂದ. ಆಮೇಲೆ ದನಿ ತಗ್ಗಿತು. "ಮುಳ್ಳು ಬಿದ್ದಾಗ ನಾನೇ ಇಂಜಿನ್ ಕೊಂದೆ ಅಂದ್ಕೊಂಡೆ ಅಕ್ಕ. ಹೇಳೋಕೆ ಬಾಯೇ ಬರ್ಲಿಲ್ಲ."



"ಪಾನಾದ ಹಿಡಿತಕ್ಕೆ ಇದರ ಕುತ್ತಿಗೇನೂ ಬಿರುಕು ಬಿಟ್ಟಿದೆ," ಎಂದಳು ಚಿಕ್ಕಮ್ಮ. "ಹೊಸದು ಬೇಕು."

"ಓಡು, ತಗೊಂಡು ಬಾ," ಎಂದಳು ಟೀಚರಕ್ಕ ತಮ್ಮನಿಗೆ. "ಟೇಪು ಇಲ್ಲೇ ಇಟ್ಟು ಹೋಗು."

ಹೊಸ ಸೆನ್ಸರ್ ಬರಿಮೈಯಲ್ಲೇ ಕೂತಿತು. ವಯರು ಸಿಕ್ಕಿಸಿ ಕೀಲಿ ತಿರುಗಿಸಿದಾಗ ಮುಳ್ಳು ಎದ್ದ ರಭಸಕ್ಕೆ ಗಾಜು ಒಡೆಯದಿದ್ದದ್ದೇ ಪುಣ್ಯ.

ಹನ್ನೆರಡಕ್ಕೆ ಗುಜರಿಯವನು ಹಗ್ಗ ಹೆಗಲಿಗೇರಿಸಿಕೊಂಡು ಗೇಟಿನಲ್ಲಿ ನಿಂತು, ಸತ್ತ ಕಾರು ಎಲ್ಲಿ ಎಂದು ಕೇಳಿದ. ಕಾರು ಅವನ ಕಡೆಗೇ ಬರುತ್ತಿತ್ತು, ಸ್ಟೀರಿಂಗ್ ಹಿಡಿದವಳು ಟೈಲರಮ್ಮ. ಪಕ್ಕದ ಸೀಟಿನ ಕಿಟಕಿಯಿಂದ ಟೀಚರಕ್ಕ ತಲೆ ಹೊರಹಾಕಿದಳು.

"ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಇವಳಿಗೆ ಬ್ರೇಕಿನ ಪಾಠ ಇನ್ನೂ ಮುಗಿದಿಲ್ಲ."