ಪೋಸ್ಟರಿನಲ್ಲಿದ್ದವಳು

"ಆ ತುದಿ ಸ್ವಲ್ಪ ಹಿಡ್ಕೋರಿ," ಎಂದ ಧನಂಜಯ. "ಇಬ್ಬರೂ ಕೂಡಿ ಎಳದ್ರ ಪೂರಾ ಬರತೈತಿ."

2009ರ ಏಪ್ರಿಲ್ ತಿಂಗಳು. ಮಾರನೆಯ ದಿನ ಲೋಕಸಭೆಗೆ ಮತದಾನ. ಮತಗಟ್ಟೆಯ ಸುತ್ತ ನೂರು ಮೀಟರಿನೊಳಗೆ ಯಾವ ಪಕ್ಷದ ಪೋಸ್ಟರೂ ಇರಕೂಡದೆಂಬುದು ನಿಯಮ. ಕೀಳಬೇಕಾದವರು ಪತ್ತೆಯಿಲ್ಲ. ಹಾಗಾಗಿ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಇಂಜಿನಿಯರ್, ಚುನಾವಣೆಯ ಮಟ್ಟಿಗೆ ಪ್ರಿಸೈಡಿಂಗ್ ಆಫೀಸರ್, ಗದಗಿನ ಧನಂಜಯ ಭೀಮುನಿಪಟ್ಟಣದ ಶಾಲೆಯೊಂದರ ಕಾಂಪೌಂಡಿನ ಮುಂದೆ ಅಂಗಿಯ ತೋಳು ಮಡಚಿಕೊಂಡು ನಿಂತಿದ್ದ. ಇನ್ನೊಂದು ತುದಿಯಲ್ಲಿದ್ದವಳು ಅವನ ಬೂತಿನದೇ ಪೋಲಿಂಗ್ ಆಫೀಸರ್ ಹಿಮಬಿಂದು. ವಿಶಾಖಪಟ್ಟಣದ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ. ಬಸ್ಸಿನಲ್ಲಿ ಬರುವಾಗ ಅವಳು ಫೋನಿನಲ್ಲಿ ತಾಯಿಯೊಡನೆ ಕನ್ನಡ ಮಾತಾಡುವುದು ಕಿವಿಗೆ ಬಿದ್ದಾಗಿನಿಂದ ಅವನು ತೆಲುಗನ್ನು ಪಕ್ಕಕ್ಕಿಟ್ಟಿದ್ದ. ಅವಳ ಕನ್ನಡದಲ್ಲಿ ಮಾತ್ರ ‘ರೀ’ ಬದಲು ತೆಲುಗಿನ ‘ಅಂಡಿ’ ಉಳಿದುಕೊಂಡಿತ್ತು.

ಪೋಸ್ಟರು ದೊಡ್ಡದು. ಒಂದು ಬದಿಗೆ ಸಮವಸ್ತ್ರದ ಸೈನಿಕ. ಇನ್ನೊಂದು ಬದಿಗೆ ಧ್ವಜ ಹೊದಿಸಿದ ಪೆಟ್ಟಿಗೆ, ಅದರ ಮೇಲೆ ಬಾಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿರುವ ಹೆಣ್ಣು. ‘ಕಾಶ್ಮೀರಕ್ಕಾಗಿ ಅವನು ಪ್ರಾಣ ಕೊಟ್ಟ, ನೀವು ಒಂದು ಓಟು ಕೊಡಿ’ ಎಂದು ಮೇಲೆ ತೆಲುಗಿನಲ್ಲಿ ಬರೆದಿತ್ತು.

"ಏನ್ ಮಂದಿರೀ ಇವ್ರು," ಎಂದ ಧನಂಜಯ ಎಳೆಯುತ್ತಲೇ. "ಸತ್ತಾವನ್ನೂ ಬಿಡಂಗಿಲ್ಲ, ಅಳೂ ಹೆಂಗಸನ್ನೂ ಬಿಡಂಗಿಲ್ಲ. ಫೋಟೋ ಹಾಕೂ ಮುಂದ ಈ ಹುಡುಗೀನ್ನ ಕೇಳಿರ್ತಾರೇನು? ಇಲ್ಲಾ, ಆಕೀನ ಹೂಂ ಅಂದಿರಬೇಕು. ಕೆಲವು ಮಂದಿಗೆ ಗ್ವಾಡಿ ಮ್ಯಾಲೆ ಬರೂದು ಅಂದ್ರ ಭಾಳ ಸಡಗರ."

"ಕೇಳ್ಲಿಲ್ಲ ಅಂಡಿ," ಎಂದಳು ಹಿಮಬಿಂದು. "ಅದು ನಾನೇ."

ಭೂಮಿ ಬಾಯಿ ಬಿಟ್ಟಿದ್ದರೆ ಧನಂಜಯ ಚುನಾವಣಾ ಸಾಮಗ್ರಿ ಸಮೇತ ಒಳಗಿಳಿದುಬಿಡುತ್ತಿದ್ದ. ಬಿಡಲಿಲ್ಲ. ಕೈಯಲ್ಲಿ ಅರ್ಧ ಹರಿದ ಪೋಸ್ಟರು, ಎದುರಿಗೆ ತಿಳಿನೀಲಿ ಸೀರೆಯುಟ್ಟ, ಜಡೆಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡ ಹೆಣ್ಣುಮಗಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇವನು ಈಗೇನು ಮಾಡುತ್ತಾನೆ ನೋಡೋಣ ಎನ್ನುವ ಕುತೂಹಲವಿತ್ತು, ಅಷ್ಟೇ.

"ತಪ್ಪಾತ್ರೀ," ಎಂದ.

"ಪರವಾಗಿಲ್ಲ ಅಂಡಿ. ನನ್ನ ಚಿತ್ರ ನೀವು ಹರೀರಿ. ಅವರದ್ದು ನಾನು ತೆಗೀತೀನಿ."

ಅವಳು ಸೈನಿಕನ ಚಿತ್ರವನ್ನು ಉಗುರಿನಿಂದ ಅಂಚಂಚಾಗಿ ಬಿಡಿಸಿದಳು. ಅವನು ಅವಳ ಚಿತ್ರವನ್ನು ಹರಿಯಲಾರದೆ ಹರಿದ.

ಮರ್ಯಾದಸ್ಥ ಗಂಡಸಾಗಿದ್ದರೆ ಅಲ್ಲಿಂದ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ತನ್ನ ಕೆಲಸ ನೋಡಿಕೊಳ್ಳುತ್ತಿದ್ದ. ಧನಂಜಯ ಮರ್ಯಾದಸ್ಥನೇ, ಆದರೆ ಪ್ರಶ್ನೆ ಕೇಳುವ ಚಟ ಅವನಿಗೆ ಹುಟ್ಟಿನಿಂದ ಬಂದದ್ದು. ಆ ಚಟಕ್ಕೆ ಹೆದರಿ ಗದಗಿನಲ್ಲಿ ನೆಂಟರು ಇವನ ಪಕ್ಕ ಊಟಕ್ಕೇ ಕೂರುತ್ತಿರಲಿಲ್ಲ. ಮೂವತ್ತೆರಡು ತುಂಬಿದರೂ ಮದುವೆಯಾಗದೆ ಉಳಿದದ್ದಕ್ಕೆ ಅವನ ತಾಯಿ ಅದನ್ನೇ ಕಾರಣ ಮಾಡುತ್ತಿದ್ದರು.

ಮಾರನೆಯ ದಿನ ಬೆಳಗಿನಿಂದ ಸಾಲು ಕರಗಲಿಲ್ಲ. ಹಿಮಬಿಂದುವಿನ ಕೆಲಸ ಮತದಾರರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚುವುದು. ಮೀನುಗಾರರ ಒರಟು ಕೈ, ಮುದುಕಿಯರ ನಡುಗುವ ಕೈ, ಯಾವುದಾದರೂ ಸರಿ, ಅವಳು ಹಿಡಿದು, ಬೆರಳು ನೆಟ್ಟಗೆ ಮಾಡಿ, ಗೆರೆ ಎಳೆಯುತ್ತಿದ್ದಳು. ಪ್ರಿಸೈಡಿಂಗ್ ಆಫೀಸರ್ ತನ್ನ ಮೇಜಿನಿಂದ ಅದನ್ನು ಅಗತ್ಯಕ್ಕಿಂತ ಹೆಚ್ಚು ಸಲ ತಪಾಸಣೆ ಮಾಡಿದ.

ಮಧ್ಯಾಹ್ನದ ಬಿಸಿಲಿಗೆ ಬೂತು ಖಾಲಿಯಾಯಿತು. ಡ್ಯೂಟಿಯ ಮೇಲಿದ್ದವರು ಅಲ್ಲೇ ಓಟು ಹಾಕಬಹುದು. ಧನಂಜಯ ಅವಳ ಮುಂದೆ ಕೈ ಚಾಚಿದ.

"ಸಡಿಲ ಬಿಡಿ ಸಾರ್. ಇಂಜಕ್ಷನ್ ಅಲ್ಲ ಇದು."

"ಬಿಟ್ಟೀನಲ್ರೀ."

"ಬಿಟ್ಟಿಲ್ಲ." ಅವಳು ಬೆರಳು ಹಿಡಿದು ಉಗುರಿನಿಂದ ಚರ್ಮದವರೆಗೂ ನಿಧಾನವಾಗಿ ಗೆರೆ ಎಳೆದಳು. "ಒಣಗೋವರೆಗೂ ಒರೆಸ್ಕೋಬಾರದು."

"ಎಷ್ಟೊತ್ತು ಬೇಕು ಒಣಗಾಕ?"

"ಬೇರೆಯವರಿಗೆ ಬೇಗ ಒಣಗುತ್ತೆ. ನಿಮಗೆ ಕೈ ಬೆವರ್ತಾ ಇದೆ."

ಗೋಡೆಯ ಬದಿಗೆ ಕೂತಿದ್ದ ಪಕ್ಷಗಳ ಏಜೆಂಟರು, ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡದವರು, ಒಟ್ಟಿಗೇ ನಕ್ಕರು. ಧನಂಜಯನ ಕಿವಿ ಕೆಂಪಾಯಿತು.

"ನಿಮಗ ಯಾರು ಹಚ್ಚಾವ್ರು?" ಎಂದ ತಡವರಿಸಿ.

ಅವಳು ಶಾಯಿಯ ಕಡ್ಡಿಯನ್ನು ಅವನ ಕೈಗಿತ್ತು ತನ್ನ ಬೆರಳು ಮುಂದೆ ಮಾಡಿದಳು. ಅವಳ ಮುಂಗೈಯ ಮೇಲೆ ಚಿಕ್ಕದೊಂದು ಸುಟ್ಟ ಕಲೆಯಿತ್ತು, ಒಗ್ಗರಣೆಯದ್ದಿರಬೇಕು. ಅದನ್ನೇ ನೋಡುತ್ತಾ ಅವನು ಗೆರೆಯನ್ನು ಗೆಣ್ಣಿನವರೆಗೂ ಎಳೆದುಬಿಟ್ಟ. ಅವಳು ತುಟಿ ಬಿಗಿಹಿಡಿದು ನಗು ತಡೆದಳು, ಕಣ್ಣುಗಳನ್ನು ತಡೆಯಲಾಗಲಿಲ್ಲ.

ಇಬ್ಬರ ಓಟೂ ಮುಗಿದ ಮೇಲೆ ಜಗುಲಿಯಲ್ಲಿ ಮಜ್ಜಿಗೆ ಕುಡಿಯುವಾಗ ಅವನು ಕೇಳಿಯೇಬಿಟ್ಟ. "ಅವ್ರು ಹ್ಯಾಂಗಿದ್ರು? ನಿಮ್ಮ ಯಜಮಾನ್ರು."

ಹಿಮಬಿಂದು ಲೋಟ ಕೆಳಗಿಟ್ಟಳು. "ಹೇಗೆ ಹೋದರು ಅಂತ ಕೇಳಲ್ವಾ? ಎಲ್ಲರೂ ಅದನ್ನೇ ಕೇಳ್ತಾರೆ."

"ಅದು ಪೋಸ್ಟರಿನ್ಯಾಗ ಐತಲ್ರೀ."

ಅವಳು ಅವನತ್ತ ತಿರುಗಿ ಕೂತಳು. ಆಮೇಲೆ ಹೇಳಿದಳು. ಸಾಯಿತೇಜನಿಗೆ ಹಲ್ಲಿ ಕಂಡರೆ ಜೀವ ಹೋಗುತ್ತಿತ್ತಂತೆ. ಕಾಶ್ಮೀರದ ಕುಪ್ವಾರದ ಕಾಡಿನಲ್ಲಿ ಬಂದೂಕು ಹಿಡಿದು ಕೂರುವವನು ರಜೆಗೆ ಬಂದಾಗ ಬಚ್ಚಲಿಗೆ ಹೋಗುವ ಮುಂಚೆ ಹೆಂಡತಿಯನ್ನು ಕಳಿಸಿ ಗೋಡೆ ನೋಡಿಸುತ್ತಿದ್ದನಂತೆ. ಇಬ್ಬರೂ ಕೂಡಿ ಬಾಳಿದ್ದು ಒಟ್ಟು ಸೇರಿಸಿದರೆ ಒಂದು ಬೇಸಿಗೆ ರಜೆಯಷ್ಟು. "ಕೊನೇ ಫೋನಿನಲ್ಲಿ ನಾನು ಕಳಿಸಿದ್ದ ಗೋಂಗೂರ ಉಪ್ಪಿನಕಾಯಿ ಟ್ರಂಕಿನಲ್ಲಿ ಸೋರಿದೆ ಅಂತ ಬೈದರು. ಪಾರ್ಟಿಯವರು ಅವರ ಕೊನೇ ಮಾತು ಏನು ಅಂತ ಕೇಳಿದಾಗ ಅದನ್ನೇ ಹೇಳಿದೆ. ಅವರು ಬೇರೆ ಏನೋ ಬರ್ಕೊಂಡರು."

ನಗುತ್ತಲೇ ಹೇಳಿದಳು, ಹೇಳುತ್ತಲೇ ಅತ್ತಳು. ಅವನು ಹೋದ ಮೇಲಿನ ಮೂರು ವರ್ಷದಲ್ಲಿ ತನ್ನ ಗಂಡನ ಬಗ್ಗೆ ತಾನು ನಕ್ಕದ್ದು ಇದೇ ಮೊದಲು ಎಂದಳು. ಧನಂಜಯ ತನ್ನ ಮಜ್ಜಿಗೆಯನ್ನೂ ಅವಳ ಕಡೆ ಸರಿಸಿದ.

ಭಾನುವಾರ ಸಂಜೆ ಅವಳೇ ಫೋನ್ ಮಾಡಿ ಋಷಿಕೊಂಡದ ಬೀಚಿಗೆ ಬರಹೇಳಿದಳು. ಎಂವಿಪಿ ಕಾಲೋನಿಯ ತನ್ನ ಬಾಡಿಗೆ ಮನೆಯಿಂದ ಸ್ಕೂಟಿಯಲ್ಲಿ ಬಂದಿದ್ದಳು. ಅಲೆಗೆ ಕಾಲು ಕೊಟ್ಟು ನಿಂತವಳ ಕುತ್ತಿಗೆಯ ಬಳಿ ಕೂದಲು ಹಾರುತ್ತಿತ್ತು. ಅದನ್ನು ನೋಡಬಾರದೆಂದು ಅವನು ಹಡಗುಗಳನ್ನು ನೋಡಿದ, ಹಡಗು ಬಿಟ್ಟು ಮತ್ತೆ ಅದನ್ನೇ ನೋಡಿದ.

"ಮಂಗಳವಾರ ವಿಜಯವಾಡಕ್ಕೆ ಹೋಗಬೇಕು," ಎಂದಳು. "ಅಲ್ಲಿ ಓಟು ಗುರುವಾರ. ಪ್ರಚಾರದ ಕೊನೇ ದಿನದ ಸಭೆ. ಸ್ಟೇಜಿನ ಮೇಲೆ ನಮ್ಮ ಅತ್ತೆಗೊಂದು ಕುರ್ಚಿ, ನನಗೊಂದು. ವೀರಪತ್ನಿಗೆ ಸನ್ಮಾನ. ಬಿಳಿ ಸೀರೆ ಪಾರ್ಟಿಯವರೇ ಕಳಿಸಿದ್ದಾರೆ."

"ಗವರ್ನಮೆಂಟ್ ನೌಕರರು ಪಾರ್ಟಿ ಸ್ಟೇಜ್ ಹತ್ತಂಗಿಲ್ಲಲ್ರೀ."

"ಹೇಳಿದೆ. ‘ಇದು ಪಾರ್ಟಿ ಅಲ್ಲಮ್ಮಾ, ದೇಶಭಕ್ತಿ’ ಅಂದರು. ಮುಂಬೈ ದಾಳಿ ಆದಮೇಲಂತೂ ಅವರ ಮುಂದೆ ಇಲ್ಲ ಅನ್ನೋಕೇ ಆಗಲ್ಲ."

"ನಿಮಗ ಏನ್ ಬೇಕಾಗೈತಿ?"

ಅವಳು ಕಾಲ್ಬೆರಳಿನಿಂದ ಮರಳು ಕೆದಕಿದಳು. ಇನ್ನು ಸುಮ್ಮನಿರುವುದು ತನ್ನಿಂದಾಗದ ಮಾತು ಎಂದುಕೊಂಡ ಧನಂಜಯ. "ನನಗ ಏನ್ ಬೇಕಂತ ಹೇಳ್ಲೇನು? ನೀವು ಬೇಕ್ರೀ. ಪರಿಚಯ ಆಗಿ ವಾರ ಆಗಿಲ್ಲ, ಹುಚ್ಚ ಅನಬಹುದು. ಆದ್ರ ಸುಳ್ಳಲ್ಲ."

ಅಲೆಯೊಂದು ಬಂದು ಇಬ್ಬರ ಕಾಲನ್ನೂ ತೋಯಿಸಿಕೊಂಡು ಹೋಯಿತು.

"ಧನಂಜಯಗಾರು," ಎಂದಳು ಮೆಲ್ಲಗೆ. "ಊರಿಗೆಲ್ಲ ನಾನು ಸಾಯಿತೇಜನ ಹೆಂಡತಿ. ಕಾಶ್ಮೀರದ ಜಗಳ ಮುಗಿಯೋವರೆಗೂ ಹಾಗೇ ಇರಬೇಕು ಅಂತ ಊರಿನವರ ಆಸೆ. ಅದು ನಮ್ಮಪ್ಪ ಹುಟ್ಟೋಕೆ ಮುಂಚೆ ಶುರುವಾದದ್ದು. ಯಾವಾಗ ಮುಗಿಯುತ್ತೆ, ಹೇಳಿ?"

ಧನಂಜಯ ಈ ಸಲ ಹಡಗು ನೋಡಲಿಲ್ಲ, ಅವಳನ್ನೇ ನೋಡಿದ.

"ಊರು ಏನಂದರೂ ತಡ್ಕೋತೀನಿ. ಅತ್ತೆಯನ್ನ ನೋಯಿಸೋಕೆ ಮಾತ್ರ ಆಗಲ್ಲ. ಅವರು ಹೂಂ ಅಂದರೆ ನಾನೂ ಹೂಂ. ಇಲ್ಲ ಅಂದರೆ ನೀವು ಗದಗಿನ ಹುಡುಗೀನೇ ನೋಡ್ಕೋಬೇಕು. ಮಂಗಳವಾರ, ಸ್ಟೇಜ್ ಹತ್ತೋಕೆ ಮುಂಚೆ ಅವರಿಗೆ ಹೇಳ್ತೀನಿ. ಬರ್ತೀರಾ?"

ಕೇಳಬೇಕೇ. ಸೋಮವಾರ ಮಧ್ಯಾಹ್ನದ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂತಿದ್ದ. ತುನಿಯಿಂದ ರಾಜಮಂಡ್ರಿಯವರೆಗೂ ಎದುರು ಸೀಟಿನವರು ಕಾಶ್ಮೀರದ ಬಗ್ಗೆ ಜಗಳವಾಡಿದರು, ಗೋದಾವರಿ ಸೇತುವೆ ಬಂದಾಗ ಮಾತ್ರ ಸುಮ್ಮನಾಗಿ ನದಿಗೆ ಕಾಸು ಎಸೆದರು.

ಮಂಗಳವಾರ ಮಧ್ಯಾಹ್ನ ವಿಜಯವಾಡದ ಸತ್ಯನಾರಾಯಣಪುರದ ಅತ್ತೆಯ ಮನೆಯಲ್ಲಿ ಬಾಗಿಲು ತೆರೆದದ್ದು ಹಿಮಬಿಂದು. ಹಸಿರು ವಾಯಿಲ್ ಸೀರೆ ಉಟ್ಟಿದ್ದಳು. ಪಕ್ಷದವರು ಕಳಿಸಿದ ಬಿಳಿ ಸೀರೆ ಮಂಚದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು. ಆಗಲೇ ಹೇಳಿಬಿಟ್ಟಿದ್ದಾಳೆಂದು ಅವಳ ಊದಿದ ಕಣ್ಣು ನೋಡಿಯೇ ತಿಳಿಯಿತು.

ಅತ್ತೆ ಭ್ರಮರಾಂಬ ನಡುಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಇಸ್ತ್ರಿ ಮಾಡಿದ ಸೀರೆ, ಸಭೆಗೆ ಸಿದ್ಧ. ಅವನನ್ನು ಮೇಲಿಂದ ಕೆಳಗೆ ನೋಡಿ, ಕೂರು ಎನ್ನದೆ, ತೆಲುಗಿನಲ್ಲಿ ಕೇಳಿದರು. "ನನ್ನ ಸೊಸೆಯನ್ನ ಕೇಳೋಕೆ ಬಂದಿದ್ದೀಯಲ್ಲ, ನನ್ನ ಮಗ ಯಾರು ಅಂತ ಗೊತ್ತಾ ನಿನಗೆ?"

ದೇಶಕ್ಕಾಗಿ ಪ್ರಾಣ ಕೊಟ್ಟವರು ಎನ್ನಬಹುದಿತ್ತು. ಎಲ್ಲರೂ ಹಾಗೇ ಅನ್ನುತ್ತಿದ್ದರು. "ಸ್ವಲ್ಪ ಗೊತ್ತಮ್ಮಾ," ಎಂದ ಧನಂಜಯ, ಕಾರ್ಖಾನೆಯಲ್ಲಿ ಕಲಿತ ತೆಲುಗಿನಲ್ಲಿ. "ಚಿಕ್ಕವರಿದ್ದಾಗ ಹೇಗಿದ್ದರು ಅಂತ ಗೊತ್ತಿಲ್ಲ. ಹೇಳ್ತೀರಾ?"

ಭ್ರಮರಾಂಬ ಹುಬ್ಬು ಗಂಟಿಕ್ಕಿದರು. ಬೈಯುತ್ತಾರೆಂದು ಹಿಮಬಿಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹೇಗಿದ್ದ ಅಂದರೆ," ಎಂದರು ಅವರು, "ಪೋಕರಿ." ಶಾಲೆ ತಪ್ಪಿಸಿ ಏಲೂರು ಕಾಲುವೆಗೆ ಹಾರುತ್ತಿದ್ದ. ಒದ್ದೆ ತಲೆಯಲ್ಲೇ ಮನೆಗೆ ಬಂದು, ಮೇಷ್ಟ್ರು ನೀರು ಸುರಿದರು ಎನ್ನುತ್ತಿದ್ದ. ಒಂದು ಸಲ ಇವರು ಅದನ್ನೇ ನಂಬಿ ಶಾಲೆಗೆ ಹೋಗಿ ಮೇಷ್ಟ್ರ ಜೊತೆ ಜಗಳ ಕಾದು ಬಂದಿದ್ದರು.

"ಮೇಷ್ಟ್ರು ಏನಂದರು?" ಎಂದ ಧನಂಜಯ.

"ಕೂತ್ಕೋ, ಹೇಳ್ತೀನಿ."

ಅವರು ಹೇಳುತ್ತಾ ಹೋದರು. ಅವನು ಕೇಳುತ್ತಾ ಹೋದ. ಹೊರಗೆ ಕಾರು ಬಂದು ಹಾರನ್ ಹೊಡೆಯಿತು. ಅವರು ನಿಲ್ಲಿಸಲಿಲ್ಲ. ಕೊನೆಗೆ ಪಕ್ಷದ ಕೃಷ್ಣಪ್ರಸಾದ ಹೆಗಲ ಶಾಲು ಸರಿಮಾಡಿಕೊಳ್ಳುತ್ತಾ ಒಳಗೇ ಬಂದ.

"ಅಮ್ಮಾ, ಟೈಮಾಯ್ತು. ಐದಕ್ಕೆ ಪ್ರಚಾರ ಬಂದ್. ಹಿಮಮ್ಮ ಇನ್ನೂ ಸೀರೆ ಬದಲಾಯಿಸಿಲ್ಲ?"

ಹಿಮಬಿಂದುವಿನ ಕಣ್ಣು ಅತ್ತೆಯ ಮುಖದ ಮೇಲಿತ್ತು.

ಭ್ರಮರಾಂಬ ಎದ್ದು ಸೆರಗು ಸರಿಮಾಡಿಕೊಂಡರು. "ಅವಳು ಬರಲ್ಲ."

"ಎರಡು ಕುರ್ಚಿ ಹಾಕಿಸಿದ್ದೀವಮ್ಮಾ. ಬ್ಯಾನರಿನ ಮೇಲೆ ಹೆಸರೂ ಇದೆ."

"ಒಂದು ತೆಗೆಸು."

ಅವನು ಮತ್ತೇನೋ ಹೇಳಹೊರಟವನು ಅವರ ಮುಖ ನೋಡಿ ಕಾರಿನತ್ತ ನಡೆದ. ಭ್ರಮರಾಂಬ ಸೊಸೆಯ ಹತ್ತಿರ ಬಂದರು. "ನಾನು ಹೋಗ್ತೀನಿ, ಹಿಮಾ. ಅಲ್ಲಿ ಮೈಕಿನಲ್ಲಿ ಅವನ ಹೆಸರು ಹೇಳ್ತಾರೆ, ಅಷ್ಟು ಜನ ಕೇಳ್ತಾರೆ. ಓಟಿಗೋಸ್ಕರ ಹೇಳ್ತಾರೆ ಅಂತ ಗೊತ್ತು. ಆದರೂ ನನಗದು ಬೇಕು. ನಿನಗೆ ಬೇಕಿಲ್ಲ ಅಂತಾನೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದೆ."

"ಅತ್ತಯ್ಯಾ," ಎಂದಳು ಹಿಮಬಿಂದು.

"ನಾನು ಸಾಯೋವರೆಗೂ ಅವನ ತಾಯಿ. ನೀನು ಇಪ್ಪತ್ತೇಳಕ್ಕೇ ಹಾಗೆ ಕೂತಿರೋದು ಬೇಡ." ಸೊಸೆಯ ಕೆನ್ನೆ ಒರೆಸಿ ಅವರು ಧನಂಜಯನ ಕಡೆ ತಿರುಗಿದರು. ದನಿ ಮತ್ತೆ ಗಟ್ಟಿಯಾಯಿತು. "ನಾನು ವಾಪಸ್ ಬರೋವರೆಗೂ ಹೋಗಬೇಡ. ನಿಮ್ಮ ತಾಯಿಗೆ ಫೋನ್ ಮಾಡಬೇಕು. ಹೆಣ್ಣಿನ ಕಡೆಯವಳು ನಾನು, ನಾನೇ ಮಾತಾಡ್ತೀನಿ."

ಕಾರು ಹೋಯಿತು. ಬೀದಿಯಲ್ಲಿ ಪ್ರಚಾರದ ಆಟೋ ಒಂದು ದೇಶದ ಗಡಿಯ ಬಗ್ಗೆ ಕೂಗುತ್ತಾ ಸಾಗಿತು. ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ಹಿಮಬಿಂದು ಅಳುತ್ತಿದ್ದಳು, ಅಳು ಯಾವುದಕ್ಕೆಂದು ಕೇಳಬೇಕೆನಿಸಿದರೂ ಧನಂಜಯ ಈ ಸಲ ಕೇಳಲಿಲ್ಲ.

ಅವಳೇ ಅವನ ಕೈ ಹಿಡಿದಳು.

"ನೀವಂದರೆ ನನಗೂ ತುಂಬ ಇಷ್ಟ," ಎಂದಳು. "ಆ ಗೋಡೆ ಹತ್ತಿರ ಬೆಪ್ಪಾಗಿ ನಿಂತಿದ್ದಿರಲ್ಲ, ಆಗಿಂದ. ಅತ್ತೆ ಹೂಂ ಅನ್ನೋವರೆಗೂ ಬಾಯಿ ಬಿಡಬಾರದು ಅಂತಿದ್ದೆ."

"ಈಗ ಅಂದ್ರಲ್ರೀ."

"ಅಂದರು," ಎಂದು ಅವಳು ಅವನ ಹೆಗಲಿಗೆ ಹಣೆ ಹಚ್ಚಿದಳು. ಬಾಗಿಲು ತೆರೆದೇ ಇತ್ತು, ಎದುರು ಮನೆಯವರು ನೋಡುತ್ತಲೂ ಇದ್ದರು. ಅವಳು ಹಣೆ ತೆಗೆಯಲಿಲ್ಲ.