ಬಾಜು ಸೀಟಿನ ನೆಟ್ಟು

ನೀಲಾವತಿ ಕಿಟಕಿಯೊಳಗೆ ಎಸೆದ ಕರ್ಚೀಪು ಸೀಟಿನ ಮೇಲೆ ಬೀಳಲಿಲ್ಲ. ಅಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ ಗಂಡಸಿನ ಮುಖದ ಮೇಲೆ ಬಿತ್ತು!

ಕುರುಗೋಡಿನಲ್ಲಿ ಇದೇನು ಹೊಸದಲ್ಲ. ಸಿರಿಗೇರಿ ಕಡೆಯಿಂದ ಬರುವ ಬೆಳಗಿನ ಬಳ್ಳಾರಿ ಬಸ್ಸು ನಿಲ್ಲುವ ಮೊದಲೇ ಜನ ಅದರ ಕಿಟಕಿಗಳಿಗೆ ಮುತ್ತುತ್ತಾರೆ. ಟವೆಲ್ಲು, ಚೀಲ, ಬುತ್ತಿ ಡಬ್ಬಿ... ಯಾರದು ಮೊದಲು ಒಳಗೆ ಬಿತ್ತೋ ಸೀಟು ಅವರದು. ಅದನ್ನು ಪ್ರಶ್ನೆ ಮಾಡುವವರು ಆ ಕಡೆಯವರೇ ಅಲ್ಲ.

ಗದ್ದಲದಲ್ಲಿ ನುಗ್ಗಿ ಅವಳು ಒಳಗೆ ಬಂದಾಗ, ಆತ ಕರ್ಚೀಪನ್ನು ನೀಟಾಗಿ ಮಡಚಿ ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ.

"ಕರ್ಚೀಪು ನಂದು. ಸೀಟು ಬಿಡ್ರಿ," ಎಂದಳು ನೀಲಾ. ಒಳಗೊಳಗೆ ನಾಚಿಕೆಯಾಗಿದ್ದಕ್ಕೇ ದನಿ ಸ್ವಲ್ಪ ಜೋರಾಗಿತ್ತು.

"ಸೀಟಿನ ಮ್ಯಾಲ ಬಿದ್ದಿದ್ರ ಬಿಡ್ತಿದ್ದೆ. ಇದು ಮಾರಿ ಮ್ಯಾಲ ಬಿದ್ದೈತಿ. ಮಾರೀನೂ ನಿಮ್ದೇನ್ರಿ?"

ಸುತ್ತಲಿನ ನಾಲ್ಕು ಜನ ನಕ್ಕರು. ಅವಳ ಕಿವಿ ಕೆಂಪಾದವು. ಬಾಯಿಗೆ ಬಂದ ಉತ್ತರ ಹೇಳಬೇಕೆನ್ನುವಷ್ಟರಲ್ಲಿ ಆತ ತಾನೇ ಪಕ್ಕಕ್ಕೆ ಸರಿದು ಕಿಟಕಿ ಸೀಟು ಬಿಟ್ಟುಕೊಟ್ಟ. ಕಿಟಕಿ ಬಿಟ್ಟುಕೊಟ್ಟವನಿಗೆ ಬೈಯುವುದು ಹೇಗೆ? ಸುಮ್ಮನೆ ಕೂತಳು. ಕರ್ಚೀಪು ವಾಪಸ್ಸು ಕೇಳಲು ಮರೆತಳು.

ಅಥವಾ ಮರೆತ ಹಾಗೆ ಮಾಡಿದಳು... ಆ ವಿಷಯ ಅವಳಿಗೇ ಗೊತ್ತಿಲ್ಲದ ಮೇಲೆ ನಾವೇಕೆ ಕೆದಕುವುದು!

ಆತನ ಹೆಸರು ಗವಿಸಿದ್ದೇಶ್. ಸಿರಿಗೇರಿಯವನು. ಬಳ್ಳಾರಿಯ ಪಾರ್ವತಿನಗರದಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ. ವಯಸ್ಸಾದವರ ಮನೆಗೇ ಹೋಗಿ, ನೋವಾಗದಂತೆ ಸೂಜಿ ಚುಚ್ಚಿ ರಕ್ತ ತರುವವನು. ನೀಲಾ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಘಟಕಕ್ಕೆ ಹೋಗುತ್ತಿದ್ದಳು. ಮೂರು ವರ್ಷದಿಂದ ಬರೀ ಜೇಬು ಹೊಲಿದು ಹೊಲಿದು ಬೇಸತ್ತಿದ್ದಳು. ಬಟ್ಟೆ ಕತ್ತರಿಸುವ ಅಳತೆ, ಲೆಕ್ಕ ಎಲ್ಲ ಕಲಿತು ಕಟಿಂಗ್ ಟೇಬಲ್ಲಿಗೆ ಹೋಗಬೇಕು ಎನ್ನುವುದು ಅವಳ ಆಸೆ. ಅದನ್ನು ಕಲಿಸುವ ವಿಡಿಯೋಗಳು ಫೋನಿನಲ್ಲಿದ್ದವು. ಆದರೆ ಫೋನಿನಲ್ಲಿ ನೆಟ್ಟೇ ಇರುತ್ತಿರಲಿಲ್ಲ.

ಅದಕ್ಕೆ ಕಾರಣ ಅವಳ ತಾಯಿ ಜಡೆಮ್ಮ. ನೀಲಾಳ ಪ್ಯಾಕಿನಲ್ಲಿ ಇಡೀ ತಿಂಗಳಿಗೆ ಸೇರಿ ಇಷ್ಟೇ ಎಂದು ನೆಟ್ಟು ಬರುತ್ತಿತ್ತು. ಮುಗಿಯಿತೆಂದರೆ ನಿಧಾನವಾಗುವುದಲ್ಲ, ಪೂರ್ತಿ ನಿಂತೇ ಹೋಗುವುದು. ಜಡೆಮ್ಮನದು ಓಣಿಯ ಹೆಂಗಸರ ಭಜನೆ ಮೇಳ. ಬೆಳಗಿನ ಜಾವ ಮಗಳ ಫೋನನ್ನು ಕಟ್ಟೆಯ ಮೇಲಿಟ್ಟು ಹೊಸ ತತ್ವಪದ ಹಾಕಿದಳೆಂದರೆ, ಹತ್ತು ಹೆಂಗಸರು ಸುತ್ತ ಕೂತು ಒಂದೇ ಸಾಲನ್ನು ಹನ್ನೆರಡು ಸಲ ಕೇಳುವರು. ಒಂದನೇ ತಾರೀಕು ಬಂದ ನೆಟ್ಟು ಎಂಟನೇ ತಾರೀಕಿಗೆ ಖಾಲಿ. ದೇವರ ಪದ ಕೇಳಿ ಮುಗಿದ ನೆಟ್ಟು ಮುಗಿದ ಹಾಗಲ್ಲ ಎಂಬುದು ಜಡೆಮ್ಮನ ವಾದ.

ಬಸ್ಸಿನಲ್ಲಿ ತಿರುಗುತ್ತಲೇ ಇದ್ದ ಅವಳ ವಿಡಿಯೋದ ಚಕ್ರವನ್ನು ಗವಿಸಿದ್ದೇಶ್ ಎರಡು ದಿನ ನೋಡಿದ. ಮೂರನೇ ದಿನ ಏನೂ ಕೇಳದೆ ತನ್ನ ಫೋನಿನ ಹಾಟ್‌ಸ್ಪಾಟ್ ಹಚ್ಚಿದ. ಅವಳ ಫೋನಿನಲ್ಲಿ ಒಂದು ಹೊಸ ಹೆಸರು ಮೂಡಿತು.

'ಕರ್ಚೀಪು'.

ನೀಲಾಳಿಗೆ ನಗು ತಡೆಯಲಾಗಲಿಲ್ಲ. ಪಾಸ್‌ವರ್ಡ್ ಏನೆಂದು ಕೇಳಿದರೆ, ಆತ ಆಚೀಚೆ ನೋಡಿ, ಕೊಟ್ರಬಸಮ್ಮ ಎಂದ. ಅವನ ತಾಯಿಯ ಹೆಸರಂತೆ. ಅವಳು ಒಂದೊಂದೇ ಅಕ್ಷರ ಒತ್ತಿದಳು. ಚಕ್ರ ನಿಂತಿತು. ವಿಡಿಯೋ ಓಡಿತು.

ಆಮೇಲಿನ ನಾಲ್ಕು ತಿಂಗಳು ಹೇಗೆ ಓಡಿದವು ಎಂದು ಮಾತ್ರ ಕೇಳಬೇಡಿ. ಅವನು ಸಿರಿಗೇರಿಯಲ್ಲೇ ಹತ್ತಿ, ಅದೇ ಕರ್ಚೀಪು ಹಾಸಿ ಅವಳಿಗೆ ಕಿಟಕಿ ಸೀಟು ಹಿಡಿಯುವನು. ಅವಳು ಹತ್ತುವಳು. ಅವಳ ಫೋನು ತಾನಾಗಿಯೇ ಅವನ ಫೋನನ್ನು ಹುಡುಕಿ ಕೂಡಿಕೊಳ್ಳುವುದು. ಅವಳು ಸೊಂಟದ ಅಳತೆ, ಮೊಣಕಾಲಿನ ಅಳತೆ ಕಲಿಯುವಳು, ನಡುನಡುವೆ ಬುತ್ತಿಯ ರೊಟ್ಟಿ ಮುರಿದು ಅವನಿಗೆ ಕೊಡುವಳು. ನಂಬರು ಕೊಟ್ಟು ತೆಗೆದುಕೊಂಡದ್ದಾಯಿತು. ಪ್ರೀತಿ ಎಂಬ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ.

ಹೀಗಿರುವಾಗ ನೀಲಾಳ ಸೋದರತ್ತೆ ಗಂಗಕ್ಕ ಸಿರುಗುಪ್ಪದಿಂದ ಒಂದು ಸಂಬಂಧ ತಂದಳು. ಹುಡುಗ ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್, ಒಳ್ಳೆಯ ಮನೆತನ. ನೀಲಾಳ ತಂದೆ ಚಂದ್ರಣ್ಣ ಮಗಳ ಮೇಲೆ ಒತ್ತಾಯ ಹಾಕುವವನಲ್ಲ. ಮನಸ್ಸಿದ್ದರೆ ಹೇಳು, ಬೇರೆ ಯಾರಾದರೂ ಇದ್ದರೂ ಹೇಳು, ಎರಡೂ ಹೇಳದೆ ಸುಮ್ಮನಿರಬೇಡ ಎಂದಷ್ಟೇ ಅಂದ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದ. ಭಜನೆ ಕಾಟಕ್ಕೆ ಬೇಸತ್ತು ರೀಚಾರ್ಜ್ ಅಂಗಡಿಯವನಿಗೆ ಹೇಳಿಬಿಟ್ಟಿದ್ದನಂತೆ, ಒಂದನೇ ತಾರೀಕಿನಿಂದ ಮಗಳ ಫೋನಿಗೆ ಬರೀ ಮಾತಾಡುವ ಪ್ಯಾಕು. ಎಷ್ಟು ಬೇಕಾದರೂ ಮಾತಾಡಬಹುದು, ನೆಟ್ಟು ಇಲ್ಲವೇ ಇಲ್ಲ.

ಬೇರೆ ಯಾರಾದರೂ ಇದ್ದರೆ ಹೇಳು... ಇದ್ದಾನೆ ಎಂದು ಹೇಳಬೇಕಾದರೆ, ಇರುವವನು ಮೊದಲು ಹೂಂ ಅನ್ನಬೇಕಲ್ಲ!

ಮೂವತ್ತೊಂದನೇ ತಾರೀಕು ಅವಳು ಗಟ್ಟಿ ಮನಸ್ಸು ಮಾಡಿದಳು. ಎದುರಿಗೆ ಹೇಳುವ ಧೈರ್ಯವಿಲ್ಲ. ಗವಿಸಿದ್ದೇಶ್ ಬಸ್ ಸ್ಟ್ಯಾಂಡಿಗಿಂತ ಎರಡು ಸ್ಟಾಪು ಮೊದಲೇ ಇಳಿಯುತ್ತಿದ್ದ. ಅವನು ಇಳಿದದ್ದೇ ತಡ, ವೇಲನ್ನು ಬಾಯಿಗೆ ಅಡ್ಡ ಹಿಡಿದು, ಮೆತ್ತಗಿನ ದನಿಯಲ್ಲಿ ಅವನಿಗೆ ಒಂದು ವಾಯ್ಸ್ ಮೆಸೇಜ್ ಹೇಳಿ ಬೆರಳು ಬಿಟ್ಟಳು. ಹೋಯಿತೋ ಇಲ್ಲವೋ ನೋಡಲಿಲ್ಲ. ನಾಚಿಕೆಗೆ ಕಣ್ಣು ಮುಚ್ಚಿ ಫೋನನ್ನು ಚೀಲದ ತಳಕ್ಕೆ ತುರುಕಿದಳು.

ಪಾಪದ ಹುಡುಗಿ. ನಾಲ್ಕು ತಿಂಗಳು ಬಳಸಿದ ನೆಟ್ಟು ಬಸ್ಸಿನದಲ್ಲ, ಅವನ ಜೇಬಿನದು ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಅವನು ಇಳಿದಾಗ ಅದೂ ಅವನ ಜೊತೆ ಇಳಿದು ಹೋಗಿತ್ತು. ಮೆಸೇಜಿನ ಪಕ್ಕದಲ್ಲಿ ಒಂದು ಸಣ್ಣ ಗಡಿಯಾರದ ಗುರುತು ಮೂಡಿ, ಅವಳ ಮಾತು ಅವಳ ಫೋನಿನಲ್ಲೇ ಕೂತುಬಿಟ್ಟಿತು.

ಮರುದಿನ ಅವಳು ಹೊಸ ಚೂಡಿದಾರ ಹಾಕಿಕೊಂಡು ಬಸ್ಸು ಹತ್ತಿದಳು. ಗವಿಸಿದ್ದೇಶ್ ಅಲ್ಲೇ ಇದ್ದ, ಕಿಟಕಿ ಸೀಟೂ ಇತ್ತು. ಅವಳು ಕೂತಳು.

ಫೋನು ಹುಡುಕಿತು. 'ಕರ್ಚೀಪು' ಸಿಗಲಿಲ್ಲ.

ಹಾಟ್‌ಸ್ಪಾಟ್ ಬಂದ್ ಮಾಡಿದ್ದಾರೆ... ನನ್ನ ಮಾತು ಕೇಳಿದ ಮೇಲೆ ಬಂದ್ ಮಾಡಿದ್ದಾರೆ. ಆದರೂ ಬಾಯಿಬಿಟ್ಟು ಏನಾದರೂ ಹೇಳಬಹುದೆಂದು ಕಾದಳು.

ನಿಜ ಸಂಗತಿ ಬೇರೆಯೇ ಇತ್ತು. ಗವಿಸಿದ್ದೇಶನ ಸಿಮ್ಮು ಲ್ಯಾಬಿನವರು ಕೊಟ್ಟದ್ದು. ಹೊಸ ತಿಂಗಳಿಂದ ಅವರು ಎಲ್ಲರ ಪ್ಯಾಕು ಬದಲಿಸಿದ್ದರು. ಅದರಲ್ಲಿ ತಾನು ನೋಡಬಹುದೇ ಹೊರತು ಇನ್ನೊಬ್ಬರಿಗೆ ಹಂಚುವಂತಿಲ್ಲ. ಅದನ್ನು ಅವನು ಹಿಂದಿನ ರಾತ್ರಿಯೇ ಅವಳಿಗೆ ಮೆಸೇಜ್ ಮಾಡಿದ್ದ, ತಪ್ಪು ತಿಳಿಯಬೇಡಿ ಎಂದೂ ಬರೆದಿದ್ದ. ನೆಟ್ಟಿಲ್ಲದ ಫೋನಿಗೆ ಆ ಮೆಸೇಜ್ ಮುಟ್ಟುವುದಾದರೂ ಹೇಗೆ?

ಒಂದನೇ ತಾರೀಕಿಗೆ ಹೊಸ ನೆಟ್ಟು ಬಂದಿರುತ್ತದೆ, ಮೆಸೇಜ್ ನೋಡಿರುತ್ತಾಳೆ ಎಂದುಕೊಂಡು ಅವನು ಅವಳ ಮಾತಿಗೆ ಕಾದ. ಅವನು ಮಾತಾಡಲೆಂದು ಅವಳು ಕಾದಳು. ಒಂದು ಗಂಟೆಯ ದಾರಿ ಹಾಗೇ ಮುಗಿಯಿತು. ಅವನು ಇಳಿದು ಹೋದ ಮೇಲೆ ನೀಲಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಆ ಮೆಸೇಜನ್ನು ಮತ್ತೆ ತೆರೆದು ನೋಡುವ ಮನಸ್ಸೂ ಅವಳಿಗೆ ಆಗಲಿಲ್ಲ.

ಆವತ್ತು ಸಂಜೆ ಅಪ್ಪನಿಗೆ, ಸಿರುಗುಪ್ಪದವರು ಬರುವುದಾದರೆ ಬರಲಿ ಎಂದಳು. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಹೆಣ್ಣು ನೋಡುವುದು ಎಂದು ಗಂಗಕ್ಕ ಗೊತ್ತು ಮಾಡಿದಳು.

ಮರುದಿನದಿಂದ ನೀಲಾ ಹಿಂದಿನ ಸೀಟಿನಲ್ಲಿ ಹೆಂಗಸರ ನಡುವೆ ಕೂರತೊಡಗಿದಳು. ಕಿಟಕಿ ಸೀಟಿನಲ್ಲಿ ಮೆಣಸಿನಕಾಯಿ ವ್ಯಾಪಾರದ ದೊಡ್ಡಬಸಪ್ಪ ಕೂತು ಬಳ್ಳಾರಿಯವರೆಗೂ ಗೊರಕೆ ಹೊಡೆಯುತ್ತಿದ್ದ. ಅವನ ತಲೆ ಭುಜದ ಮೇಲೆ ಬೀಳುತ್ತಿದ್ದರೂ ಗವಿಸಿದ್ದೇಶ್ ಸರಿಸುತ್ತಿರಲಿಲ್ಲ.

ಅವನಿಗೂ ಉರಿಯುತ್ತಿತ್ತು. ನೆಟ್ಟು ಇದ್ದಾಗ ಪಕ್ಕದಲ್ಲಿ ಕೂತಳು, ನೆಟ್ಟು ಹೋಯಿತು, ಅವಳೂ ಹೋದಳು. ಕಳಿಸಿದ ಮೂರು ಮೆಸೇಜಿಗೂ ಒಂದೇ ಟಿಕ್ಕು. ಬ್ಲಾಕ್ ಮಾಡಿರಬೇಕು. ಅಷ್ಟೇ ಬೆಲೆಯೇನು ನನಗೆ? ಹೀಗೆ ಅಂದುಕೊಂಡು ಒಂದು ವಾರ ಕಳೆದ. ಸಿಟ್ಟು ಇಳಿದ ಮೇಲೆ ಉಳಿದದ್ದು ಒಂದೇ. ಅವಳ ಕಟಿಂಗ್ ಕಲಿಕೆ ಅರ್ಧಕ್ಕೆ ನಿಂತಿದೆ ಎಂಬ ಸಂಕಟ.

ನೆಟ್ಟಿಗಾಗಿಯೇ ಕೂತಿದ್ದರೂ ಕೂರಲಿ. ಕಲಿತು ಮೇಲೆ ಬರಲಿ, ಸಾಕು.

ಶುಕ್ರವಾರ ಕೆಲಸ ಮುಗಿಸಿ ಅವನು ತನ್ನ ಹೆಸರಿನಲ್ಲಿ ಹೊಸ ಸಿಮ್ಮು ಕೊಂಡ. ಹಂಚಲು ತಡೆ ಇದೆಯೇ ಎಂದು ಅಂಗಡಿಯವನನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ. ವಾಟ್ಸಾಪ್ ಹಳೆಯ ನಂಬರಿನಲ್ಲೇ ಉಳಿಯಿತು, ನೆಟ್ಟು ಮಾತ್ರ ಹೊಸ ಸಿಮ್ಮಿನದು.

ಶನಿವಾರ ಬೆಳಿಗ್ಗೆ. ಮರುದಿನವೇ ಸಿರುಗುಪ್ಪದವರು ಬರುವವರಿದ್ದರು. ನೀಲಾ ಬಸ್ಸು ಹತ್ತಿದಳು. ಕಿಟಕಿ ಸೀಟಿನ ಮೇಲೆ ಅವಳ ಕರ್ಚೀಪು ಹಾಸಿತ್ತು! ದೊಡ್ಡಬಸಪ್ಪ ಪಕ್ಕದಲ್ಲಿ ನಿಂತು, ಯಾರೋ ಬರುವವರಿದ್ದಾರಂತೆ ಎಂದು ಗೊಣಗುತ್ತಿದ್ದ.

ಇನ್ನೂ ಏನು ಕಾಡುವುದಿದೆ ಇವನಿಗೆ... ಅವಳು ತಲೆ ತಗ್ಗಿಸಿ ಹಿಂದಕ್ಕೆ ಹೋದಳು.

ಕೂತು ಅರ್ಧ ನಿಮಿಷವಾಗಿರಲಿಲ್ಲ, ಚೀಲದೊಳಗೆ ಫೋನು ಗುಂಯ್ ಗುಂಯ್ ಎನ್ನತೊಡಗಿತು. ಒಂಬತ್ತು ದಿನದ ಮೆಸೇಜುಗಳು ಒಟ್ಟಿಗೆ ಬರುತ್ತಿದ್ದವು. ಭಜನೆ ಮೇಳದ ಗುಂಪು, ಘಟಕದ ಗುಂಪು, ಮತ್ತೆ ಅವನದು. ಅವಳು ಅವನ ಹೆಸರು ಒತ್ತಿದಳು. ಲ್ಯಾಬಿನವರು ಹಾಟ್‌ಸ್ಪಾಟ್ ನಿಲ್ಲಿಸಿದ್ದಾರೆ, ತಪ್ಪು ತಿಳಿಯಬೇಡಿ. ಯಾಕೆ ಹಿಂದೆ ಕೂತಿರಿ? ನನ್ನಿಂದ ಏನಾದರೂ ತಪ್ಪಾಯಿತೇ?

ಅದರ ಮೇಲೆ, ಮೂವತ್ತೊಂದನೇ ತಾರೀಕಿನ ಅವಳ ಸ್ವಂತ ದನಿ. ಅದರ ಪಕ್ಕದ ಗಡಿಯಾರ ಅವಳು ನೋಡುತ್ತಿದ್ದಂತೆಯೇ ಮಾಯವಾಗಿ ಒಂದು ಟಿಕ್ಕಾಯಿತು. ಎರಡಾಯಿತು.

ಅಯ್ಯೋ ದೇವರೇ... ಇದು ಹೋಗಿಯೇ ಇರಲಿಲ್ಲವೇ?

ಮುಂದೆ ಗವಿಸಿದ್ದೇಶ್ ಫೋನು ಎತ್ತಿ ಕಿವಿಗೆ ಹಿಡಿದದ್ದು ಕಾಣಿಸಿತು. ಅವನ ಕಿವಿಯಲ್ಲಿ ಒಂಬತ್ತು ದಿನ ಹಳೆಯ ದನಿ ಹೇಳುತ್ತಿತ್ತು:

"ನಾಳಿಂದ ನನ್ನ ಫೋನಿನ್ಯಾಗ ನೆಟ್ ಇರೂದಿಲ್ರಿ. ಸಿರುಗುಪ್ಪದಾಗ ಒಂದು ಹುಡುಗನ್ನ ನೋಡ್ಯಾರ. ನೆಟ್ ಇರ್ಲಿ, ಬಿಡ್ಲಿ... ನಾ ಬಸ್ಸು ಹತ್ತೂದು ನಿಮ್ಮ ಬಾಜುಕ ಕುಂದ್ರಾಕ. ನಿಮ್ಮ ಮನಸಿನ್ಯಾಗೂ ಹಂಗ ಇದ್ರ ನಾಳೆ ಬಸ್ಸಿನ್ಯಾಗ ಒಂದು ಮಾತು ಹೇಳ್ರಿ. ಹೇಳ್ಳಿಲ್ಲಂದ್ರ ನಾ ತಿಳ್ಕೊಂತೀನಿ."

ಅವನು ಇನ್ನೊಂದು ಸಲ ಕೇಳಿದ. ಆಮೇಲೆ ಎದ್ದು ನಿಂತು ಹಿಂದಕ್ಕೆ ತಿರುಗಿದ. ಅವನ ಕಣ್ಣು ತುಂಬಿದ್ದವು. ಜನರನ್ನು ದಾಟಿ ಬಂದು ಅವಳ ಸೀಟಿನ ಕಂಬಿ ಹಿಡಿದು ನಿಂತ.

"ನೀಲಾ, ಇದು ಈಗ ಬಂತು," ಎಂದ.

"ಗೊತ್ತಾತು. ನೀವು ಕೇಳಿ ಸುಮ್ನಾದ್ರಿ ಅಂತ ತಿಳ್ಕೊಂಡಿದ್ದೆ."

"ನೀವು ನೆಟ್ ಹೋತಂತ ಎದ್ದು ಹೋದ್ರಿ ಅಂತ ನಾ ತಿಳ್ಕೊಂಡಿದ್ದೆ."

ಇಬ್ಬರಿಗೂ ಅಳು ಬಂತು, ನಗುವೂ ಬಂತು. ಸೀಟಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀಲಾ ಕಣ್ಣೊರೆಸಿಕೊಂಡು, ನಾಳೆಯೇ ಸಿರುಗುಪ್ಪದವರು ಬರುತ್ತಾರೆಂದು ಹೇಳಿದಳು.

ಅವನು ಒಂದು ಗಳಿಗೆಯೂ ತಡ ಮಾಡಲಿಲ್ಲ.

"ನಮ್ಮವ್ವನ ಹೆಸರು ಹಾಕಿ ಒಳಗ ಬಂದಾಕಿ ನೀನು. ಈಗ ಹೊರಗ ಹೆಂಗ ಕಳಸ್ಲಿ? ನಿಮ್ಮಪ್ಪಗ ಫೋನ್ ಹಚ್ಚು."

ಎಷ್ಟು ಬೇಕಾದರೂ ಮಾತಾಡುವ ಪ್ಯಾಕು ಆವತ್ತು ಕೆಲಸಕ್ಕೆ ಬಂತು. ಕುರುಗೋಡಿನಲ್ಲಿ ಚಂದ್ರಣ್ಣ ಫೋನು ಎತ್ತಿದ. ಬೇರೆ ಯಾರಾದರೂ ಇದ್ದರೆ ಹೇಳು ಎಂದಿದ್ದೆಯಲ್ಲ ಅಪ್ಪ, ಇದ್ದಾರೆ ಎಂದಳು ನೀಲಾ. ಚಂದ್ರಣ್ಣ, ಅವನ ಕೈಗೆ ಫೋನು ಕೊಡು ಎಂದ.

ಗವಿಸಿದ್ದೇಶ್ ನಿಂತಲ್ಲೇ ನೆಟ್ಟಗಾಗಿ ಮಾತಾಡಿದ. ಊರು, ಮನೆ, ಕೆಲಸ ಎಲ್ಲ ಹೇಳಿದ. ಕೊನೆಗೆ ಹೂಂ ಹೂಂ ಎನ್ನುತ್ತ ಫೋನು ಇಟ್ಟ.

ಅಷ್ಟರಲ್ಲಿ ದೊಡ್ಡಬಸಪ್ಪ ಕಿಟಕಿ ಸೀಟಿನತ್ತ ಬಗ್ಗುವುದು ಕಂಡು ಇಬ್ಬರೂ ಅವಸರದಿಂದ ಮುಂದೆ ಬಂದು ಕೂತರು. ನೀಲಾ ಕರ್ಚೀಪನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಏನಂದ್ರು ಅಪ್ಪ?"

"ಸಿರುಗುಪ್ಪದೋರಿಗೆ ಬರಬ್ಯಾಡ್ರಿ ಅಂತ ಈಗ ಫೋನ್ ಮಾಡ್ತಾರಂತ. ನಾಳೆ ಅವ್ವನ್ನ ಕರ್ಕೊಂಡು ಬಾ ಅಂದ್ರು. ಆಮ್ಯಾಲ... ನಿನ್ನ ಅತ್ತಿ ಆಗಾಕಿ ಜಡೆಮ್ಮ ಪದ ಹಾಡ್ತಾಳ, ನಿನ್ನ ನೆಟ್ ಒಂದು ವಾರಾನೂ ಉಳಿಯಂಗಿಲ್ಲ, ತಿಳ್ಕೊಂಡು ಬಾ ಅಂದ್ರು."

ನೀಲಾ ನಗುತ್ತ ಫೋನು ತೆಗೆದಳು. 'ಕರ್ಚೀಪು' ಇನ್ನೂ ಕೂಡಿಕೊಂಡೇ ಇತ್ತು. ನಿಂತುಹೋಗಿದ್ದ ಪಾಠ ಎದುರಿಗೇ ಇತ್ತು. ಅವಳು ಅದನ್ನು ತೆರೆಯಲಿಲ್ಲ. ವೈಫೈ ಬಂದ್ ಮಾಡಿ ಫೋನನ್ನು ಚೀಲಕ್ಕೆ ಹಾಕಿದಳು.

"ಯಾಕ? ನಿನಗಂತನ ಹೊಸಾ ಸಿಮ್ ತಂದೀನಿ," ಎಂದ ಅವನು.

"ಸೋಮವಾರ ಕಲೀತೀನಿ. ಇವತ್ತು ನೆಟ್ ಇಲ್ದ ಬಳ್ಳಾರಿ ಮಟ ನಿಮ್ಮ ಬಾಜುಕ ಕುಂದರ್ತೀನಿ. ನೀವ ನೋಡ್ರಿ."